ಹೊಸ ಇಂಗ್ಲೆಂಡಿನ ಪ್ಯೂರಿಟನರು: ಅವರ ಮತಶ್ರದ್ಧೆ ಮತ್ತು ಧ್ಯೇಯ

ಕ್ರಿ.ಶ. ೧೬೩೦ನೆಯ ಇಸವಿಯಲ್ಲಿ ಇಂಗ್ಲೆಂಡಿನ ರೇವುಗಳಿಂದ ಹನ್ನೊಂದು ಹಡಗುಗಳು ತಂಡತಂಡವಾಗಿ ಹೊರಟು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ, ಉತ್ತರ ಅಮೆರಿಕದ ಪೂರ್ವತೀರವನ್ನು ಸೇರಿದವು. ಅವುಗಳಲ್ಲಿ ಏಳುನೂರಕ್ಕೂ ಮಿಕ್ಕಿ ಜನರಿದ್ದರು. ಅವರು ಚಿನ್ನವನ್ನು ಅರಸಿ ಹೊರಟ ಸಾಹಸಿಗಳಲ್ಲ. ಅರಸನ ದಂಡಿನವರೂ ಅಲ್ಲ. ರೈತರು, ನೇಕಾರರು, ಬಡಗಿಗಳು, ವಕೀಲರು, ಧರ್ಮಬೋಧಕರು ತಮ್ಮ ಹೆಂಡಿರು ಮಕ್ಕಳೊಡನೆ, ಆಳುಗಳೊಡನೆ, ದನಕರುಗಳೊಡನೆ ಸಂಸಾರಸಮೇತರಾಗಿ ಹೊರಟಿದ್ದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜನರು ಇದೇ ದಾರಿಯನ್ನು ಹಿಡಿದರು. ಈ ಜನಸಮೂಹಕ್ಕೆ ಮುಂದಾಳುಗಳಾಗಿದ್ದವರನ್ನೂ ಅವರ ಮತವನ್ನು ಒಪ್ಪಿ ನಡೆದವರನ್ನೂ ಚರಿತ್ರಕಾರರು ಪ್ಯೂರಿಟನರೆಂದು ಕರೆಯುತ್ತಾರೆ. ಅವರು ನೆಲಸಿದ ಸೀಮೆಗೆ ಹೊಸ ಇಂಗ್ಲೆಂಡ್ ಎಂದು ಹೆಸರು.

ಈ ಜನರ ವಿಷಯದಲ್ಲಿ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ಅವರು ಮತಸ್ವಾತಂತ್ರ್ಯದ ಮೂಲಪುರುಷರೆಂದು ಕೆಲವರು ಹೊಗಳುತ್ತಾರೆ. ಅವರು ನಗೆಯನ್ನರಿಯದ ಮತಾಂಧರೆಂದು ಮತ್ತೆ ಕೆಲವರು ಹಳಿಯುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧರ್ಧ ಸತ್ಯವಿದೆ. ಅವರು ನಂಬಿದ್ದೇನು, ಬಯಸಿದ್ದೇನು ಎಂಬುದನ್ನು ಅವರ ಕಾಲದಲ್ಲಿ ನಿಂತು ತಿಳಿದುಕೊಂಡಲ್ಲದೆ ಅವರ ಗುಣದೋಷಗಳನ್ನು ತೂಗಿ ನೋಡಲು ಬರುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಪ್ರಶ್ನೆಯುಂಟು. ತಾವು ಪ್ರಾಣಕ್ಕಿಂತ ಹೆಚ್ಚೆಂದು ಬಗೆದುದನ್ನು ಹುಟ್ಟಿದ ನಾಡಿನಿಂದ ದೂರದಲ್ಲಿ ಬೆಳೆಯುವ ಮಕ್ಕಳ ಕೈಗೆ ಅವರು ಹೇಗೆ ಒಪ್ಪಿಸಿದರು? ಅದರಲ್ಲಿ ಎಷ್ಟರ ಮಟ್ಟಿಗೆ ಗೆದ್ದರು, ಎಲ್ಲಿ ಸೋತರು? ಗಡಿಯಲ್ಲಿ ತಲೆಮಾರುಗಳಿಂದ ಬಾಳಿಬಂದ ಮನೆತನಗಳಿಗೆ ಈ ಪ್ರಶ್ನೆ ಹೊಸತಲ್ಲ.

ಹೆಸರು ಮತ್ತು ಹಿನ್ನೆಲೆ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು ೧೫೩೪ರಲ್ಲಿ ರೋಮಿನ ಪೋಪನ ಅಧಿಕಾರವನ್ನು ಕಿತ್ತೊಗೆದು ತನ್ನ ರಾಜ್ಯದ ಕ್ರೈಸ್ತ ಧರ್ಮಸಂಸ್ಥೆಗೆ ತಾನೇ ಮುಖ್ಯಸ್ಥನಾದನು. ಒಡೆಯನು ಬದಲಾದರೂ ಆಚಾರಗಳು ಬಹುಮಟ್ಟಿಗೆ ಹಿಂದಿನಂತೆಯೇ ಉಳಿದುವು. ಹೆನ್ರಿಯ ಮಗಳಾದ ಎಲಿಜಬೆತ್ ರಾಣಿಯು ೧೫೫೯ರಲ್ಲಿ ಮಾಡಿದ ಏರ್ಪಾಟಿನಂತೆ ಸಿದ್ಧಾಂತವು ಪ್ರಾಟೆಸ್ಟೆಂಟ್ ಮತದ್ದಾಯಿತು; ಆದರೆ ಬಿಷಪ್ಪರ ಆಡಳಿತ, ಪೂಜಾರಿಗಳ ವಿಶೇಷ ಉಡುಪು, ದೀಕ್ಷಾಸ್ನಾನದಲ್ಲಿ ಶಿಲುಬೆಯ ಗುರುತು ಹಾಕುವುದು, ಪ್ರಭುಭೋಜನದ ಕಾಲದಲ್ಲಿ ಮೊಣಕಾಲೂರುವುದು, ಮದುವೆಯಲ್ಲಿ ಉಂಗುರ ತೊಡಿಸುವುದು ಇವೇ ಮೊದಲಾದ ಪದ್ಧತಿಗಳು ಉಳಿದುಕೊಂಡುವು. ಬೈಬಲ್ಲಿನಲ್ಲಿ ಆಧಾರವಿಲ್ಲದ ಇಂಥ ಆಚಾರಗಳನ್ನು ತೊಳೆದು ಧರ್ಮವನ್ನು ಶುದ್ಧಗೊಳಿಸಬೇಕೆಂದು ಹಟ ಹಿಡಿದವರನ್ನು ವಿರೋಧಿಗಳು ಹಾಸ್ಯಕ್ಕಾಗಿ ಪ್ಯೂರಿಟನರು, ಅಂದರೆ ಮಡಿವಂತರು, ಎಂದು ಕರೆದರು. ೧೫೬೦ರ ದಶಕದಲ್ಲಿ ಹುಟ್ಟಿದ ಈ ಅಡ್ಡಹೆಸರೇ ಅವರಿಗೆ ಕೊನೆಗೆ ನಿಂತ ಹೆಸರಾಯಿತು.

ಎಲಿಜಬೆತ್ ರಾಣಿಯ ತರುವಾಯ ೧೬೦೩ರಲ್ಲಿ ಮೊದಲನೆಯ ಜೇಮ್ಸ್ ಪಟ್ಟಕ್ಕೆ ಬಂದಾಗ ಪ್ಯೂರಿಟನರು ಅವನಿಗೆ ಮನವಿ ಮಾಡಿಕೊಂಡರು. ಮರುವರ್ಷ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನಡೆದ ಸಭೆಯಲ್ಲಿ ಅವರ ಬೇಡಿಕೆಗಳಲ್ಲಿ ಹೆಚ್ಚಿನವನ್ನು ಅರಸನು ತಳ್ಳಿಹಾಕಿದನು. ಬಿಷಪ್ಪರು ಹೋದರೆ ಅರಸೊತ್ತಿಗೆಯೂ ಉಳಿಯದು ಎಂಬುದು ಅವನ ದೃಢಮತವಾಗಿದ್ದಿತು. ಆ ಸಭೆಯಿಂದ ಒಂದು ಲಾಭ ಮಾತ್ರ ಆಯಿತು. ಬೈಬಲ್ಲಿನ ಹೊಸ ಇಂಗ್ಲಿಷ್ ಅನುವಾದಕ್ಕೆ ಅಲ್ಲಿ ಅಪ್ಪಣೆ ದೊರೆತು, ಅದು ೧೬೧೧ರಲ್ಲಿ ಪ್ರಕಟವಾಯಿತು. ಜೇಮ್ಸನ ಮಗನಾದ ಮೊದಲನೆಯ ಚಾರ್ಲ್ಸನ ಕಾಲಕ್ಕೆ ಸ್ಥಿತಿಯು ಇನ್ನೂ ಬಿಗಡಾಯಿಸಿತು. ೧೬೨೯ರಲ್ಲಿ ಅವನು ಪಾರ್ಲಿಮೆಂಟನ್ನು ವಿಸರ್ಜಿಸಿದನು. ವಿಲಿಯಂ ಲಾಡ್ ಎಂಬ ಬಿಷಪ್ಪನು, ವಿಧಿಸಿದ ಆಚಾರಗಳನ್ನು ಪಾಲಿಸದ ಬೋಧಕರ ಬಾಯಿ ಕಟ್ಟಿಸಿದನು. ಇನ್ನು ಈ ನಾಡಿನಲ್ಲಿ ಸುಧಾರಣೆಗೆ ಎಡೆಯಿಲ್ಲವೆಂದು ಅನೇಕರಿಗೆ ತೋರಿದುದು ಆಗಲೇ.

ಅವರ ನಂಬುಗೆಗಳು

ಪ್ಯೂರಿಟನರ ಮತಶ್ರದ್ಧೆಗೆ ಜಿನೀವಾ ನಗರದ ಜಾನ್ ಕ್ಯಾಲ್ವಿನನ ಬೋಧೆಯು ತಳಹದಿ. ದೇವರು ಸರ್ವಸ್ವತಂತ್ರನು, ಮನುಷ್ಯನು ಆದಿಪುರುಷನ ಪಾಪದಿಂದ ಕೆಟ್ಟವನು, ತನ್ನ ಸತ್ಕಾರ್ಯಗಳ ಬಲದಿಂದ ಅವನು ಮುಕ್ತಿಯನ್ನು ಕೊಂಡುಕೊಳ್ಳಲಾರನು. ಯಾರಿಗೆ ಮುಕ್ತಿ, ಯಾರಿಗಿಲ್ಲ ಎಂಬುದನ್ನು ದೇವರು ಲೋಕಸೃಷ್ಟಿಗೆ ಮುಂಚೆಯೇ ನಿಶ್ಚಯಿಸಿದ್ದಾನೆ. ಮುಕ್ತಿಯೆಂಬುದು ಕೃಪೆಯ ದಾನವೇ ಹೊರತು ಗಳಿಕೆಯಲ್ಲ.

ಹಾಗಾದರೆ ಮನುಷ್ಯನು ಕೈಕಟ್ಟಿ ಕೂಡಬಹುದಲ್ಲವೆ ಎಂದು ಯಾರಾದರೂ ಕೇಳಿಯಾರು. ಆದುದು ಇದಕ್ಕೆ ತೀರ ವಿರುದ್ಧ. ಕೃಪೆಯು ತನಗೆ ದೊರೆತಿದೆಯೋ ಇಲ್ಲವೋ ಎಂಬ ಆತಂಕವು ಪ್ಯೂರಿಟನನನ್ನು ಹಗಲಿರುಳೂ ಕಾಡುತ್ತಿದ್ದಿತು. ಕೃಪೆಯ ಗುರುತುಗಳನ್ನು ತನ್ನ ಮನಸ್ಸಿನಲ್ಲಿಯೂ ನಡತೆಯಲ್ಲಿಯೂ ಅವನು ಹುಡುಕುತ್ತಿದ್ದನು. ದಿನಚರಿ ಬರೆದು ತನ್ನನ್ನು ತಾನೇ ವಿಚಾರಣೆಗೆ ಗುರಿಮಾಡಿಕೊಳ್ಳುತ್ತಿದ್ದನು. ನೇಗಿಲು ಹಿಡಿಯುವುದಾಗಲಿ, ಚರ್ಮ ಹದಮಾಡುವುದಾಗಲಿ, ಮನೆಗೆಲಸವಾಗಲಿ, ನ್ಯಾಯವಾದ ಪ್ರತಿಯೊಂದು ವೃತ್ತಿಗೂ ದೇವರೇ ಮನುಷ್ಯನನ್ನು ಕರೆದಿದ್ದಾನೆಂದೂ ಅದನ್ನು ಶ್ರದ್ಧೆಯಿಂದ ಮಾಡುವುದು ಆರಾಧನೆಯ ಒಂದು ಅಂಗವೆಂದೂ ಅವನು ನಂಬಿದ್ದನು. ಸೋಮಾರಿತನವು ಅವನ ದೃಷ್ಟಿಯಲ್ಲಿ ಪಾಪ. ಹಾಗೆಯೇ ಭಾನುವಾರದಂದು ದುಡಿಯುವುದೂ ಪಾಪ.

ಎರಡನೆಯ ಮುಖ್ಯ ವಿಷಯವು ಧರ್ಮಗ್ರಂಥದ ಪ್ರಾಮಾಣ್ಯ. ಬೈಬಲ್ಲು ಹೇಳದ ಆಚಾರವು ಎಷ್ಟೇ ಹಳೆಯದಾದರೂ ಗ್ರಾಹ್ಯವಲ್ಲ. ಆದುದರಿಂದ ಅವರ ಆರಾಧನಾಮಂದಿರವು ಮರದಿಂದ ಕಟ್ಟಿದ ಸಾದಾ ಕಟ್ಟಡ. ಅದರಲ್ಲಿ ವಿಗ್ರಹವಿಲ್ಲ, ಬಣ್ಣದ ಗಾಜಿಲ್ಲ, ವಾದ್ಯವಿಲ್ಲ. ಅದನ್ನು ಅವರು ಸಭಾಗೃಹವೆಂದಷ್ಟೇ ಕರೆದರು. ಊರಿನ ಲೌಕಿಕ ಸಭೆಯೂ ಅಲ್ಲಿಯೇ ಕೂಡುತ್ತಿದ್ದಿತು. ಕ್ರಿಸ್ತಜಯಂತಿಯ ದಿನವನ್ನು ಬೈಬಲ್ಲು ಗೊತ್ತುಮಾಡಿಲ್ಲವಾದ ಕಾರಣ ಆ ಹಬ್ಬವನ್ನೂ ಅವರು ಒಪ್ಪಲಿಲ್ಲ. ೧೬೫೯ರಲ್ಲಿ ಮ್ಯಾಸಚೂಸೆಟ್ಸಿನ ಶಾಸನವು ಅದನ್ನು ಆಚರಿಸುವವರಿಗೆ ಐದು ಷಿಲ್ಲಿಂಗು ದಂಡವನ್ನು ವಿಧಿಸಿತು. ಆ ಶಾಸನವು ರದ್ದಾದುದು ೧೬೮೧ರಲ್ಲಿ. ಮದುವೆಯೂ ಅವರಲ್ಲಿ ಧರ್ಮಸಂಸ್ಕಾರವಾಗಿರದೆ ನ್ಯಾಯಾಧಿಕಾರಿಯ ಮುಂದೆ ನಡೆಯುವ ಒಪ್ಪಂದವಾಗಿದ್ದಿತು.

ಮೂರನೆಯದು ಒಡಂಬಡಿಕೆಯ ತತ್ತ್ವ. ದೇವರು ಅಬ್ರಹಾಮನೊಡನೆಯೂ ಇಸ್ರಾಯೇಲ್ ಜನರೊಡನೆಯೂ ಒಡಂಬಡಿಕೆ ಮಾಡಿಕೊಂಡಂತೆ ಭಕ್ತರ ಸಮುದಾಯದೊಡನೆಯೂ ಮಾಡಿಕೊಳ್ಳುತ್ತಾನೆಂದು ಅವರು ತಿಳಿದರು. ಒಂದು ಊರಿನ ಭಕ್ತರು ಕೂಡಿ, ದೇವರ ಮುಂದೆಯೂ ಒಬ್ಬರಿಗೊಬ್ಬರೂ ಮಾತು ಕೊಟ್ಟು, ಒಡಂಬಡಿಕೆಗೆ ಒಪ್ಪಿದರೆ ಅದೇ ಒಂದು ಪೂರ್ಣ ಧರ್ಮಸಭೆ. ಅದರ ಮೇಲೆ ಬಿಷಪ್ಪನಿಲ್ಲ. ಬೋಧಕನನ್ನು ಆರಿಸುವುದು ಸಭೆಯೇ. ಬೇಡವೆಂದರೆ ಬಿಡಿಸುವುದೂ ಸಭೆಯೇ. ೧೬೪೮ರ ಕೇಂಬ್ರಿಜ್ ನಿಬಂಧನೆಯು ಈ ಸ್ವಯಮಾಡಳಿತದ ಕ್ರಮವನ್ನು ಬರಹದಲ್ಲಿ ಸ್ಥಿರಪಡಿಸಿತು.

ಲೈಡನ್ ಪಟ್ಟಣದಲ್ಲಿ ಕಳೆದ ವರ್ಷಗಳು

ಪ್ಯೂರಿಟನರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಧರ್ಮಸಂಸ್ಥೆಯ ಒಳಗಿದ್ದುಕೊಂಡೇ ಅದನ್ನು ತಿದ್ದಬೇಕೆಂದಿದ್ದವರು. ಒಂದು ಸಣ್ಣ ಗುಂಪಿನವರು ಮಾತ್ರ ಅದು ತಿದ್ದುವುದಕ್ಕೂ ಮೀರಿದೆಯೆಂದು ಬೇರೆಯಾಗಿ ನಿಂತರು. ಸ್ಕ್ರೂಬಿ ಎಂಬ ಹಳ್ಳಿಯ ಸುತ್ತಿನ ಇಂಥ ಪ್ರತ್ಯೇಕವಾದಿಗಳು ೧೬೦೮ರಲ್ಲಿ ಹಾಲೆಂಡಿಗೆ ಓಡಿಹೋಗಿ, ಮರುವರ್ಷ ಲೈಡನ್ ಪಟ್ಟಣದಲ್ಲಿ ನೆಲಸಿದರು. ಅಲ್ಲಿ ಅವರ ಆರಾಧನೆಗೆ ಯಾರ ಅಡ್ಡಿಯೂ ಇರಲಿಲ್ಲ. ಬಟ್ಟೆಯ ಉದ್ಯಮದಲ್ಲಿ ಕಷ್ಟದ ಕೆಲಸವಾದರೂ ಹೊಟ್ಟೆಗೆ ದಾರಿಯಿದ್ದಿತು.

ಹಾಗಿದ್ದೂ ೧೬೨೦ರಲ್ಲಿ ಅವರಲ್ಲಿ ಒಂದು ಭಾಗವು ಆ ಊರನ್ನು ಬಿಟ್ಟುದೇಕೆ? ಅವರಲ್ಲಿಯೇ ಇಬ್ಬರು ಇದಕ್ಕೆ ಉತ್ತರವನ್ನು ಬರೆದಿಟ್ಟಿದ್ದಾರೆ. ತಮ್ಮ ಮಕ್ಕಳು ಎಳವೆಯಲ್ಲಿಯೇ ದುಡಿಮೆಯ ಭಾರಕ್ಕೆ ಬಾಗುತ್ತಿದ್ದರು, ಸುತ್ತಲಿನವರ ನಡೆಯನ್ನು ಕಂಡು ತಂದೆತಾಯಿಗಳ ದಾರಿಯನ್ನು ಬಿಡುತ್ತಿದ್ದರು ಎಂದು ವಿಲಿಯಂ ಬ್ರಾಡ್‌ಫರ್ಡನು ದುಃಖದಿಂದ ನೆನೆದನು. ಎಡ್ವರ್ಡ್ ವಿನ್ಸ್‌ಲೋ ಎಂಬಾತನು, ಅಲ್ಲಿಯೇ ಉಳಿದಿದ್ದರೆ ತಮ್ಮ ಭಾಷೆಯನ್ನೂ ಇಂಗ್ಲಿಷರೆಂಬ ಹೆಸರನ್ನೂ ಕಳೆದುಕೊಳ್ಳುವ ಭಯವಿದ್ದಿತೆಂದು ಹೇಳಿದನು. ಪೂಜೆಯ ಸ್ವಾತಂತ್ರ್ಯವು ಕೈಯಲ್ಲಿದ್ದಾಗಲೂ ನುಡಿಯೂ ಮಕ್ಕಳೂ ಕೈತಪ್ಪುವ ಅಳಲು ಅವರನ್ನು ಮತ್ತೊಮ್ಮೆ ಸಮುದ್ರಕ್ಕೆ ಇಳಿಸಿತು. ಡಚ್ಚರು ಅವರಿಗೆ ಶತ್ರುಗಳಾಗಿರಲಿಲ್ಲ, ಆಶ್ರಯದಾತರಾಗಿದ್ದರು ಎಂಬುದನ್ನು ನೆನೆದರೆ ಆ ಅಳಲಿನ ಆಳವು ತಿಳಿಯುತ್ತದೆ.

ಮೇಫ್ಲವರ್ ಹಡಗಿನಲ್ಲಿ ೧೦೨ ಮಂದಿ ಪ್ರಯಾಣಿಕರಿದ್ದರು. ಲೈಡನ್ನಿನಿಂದ ಬಂದವರು ಅವರಲ್ಲಿ ಅರ್ಧಕ್ಕಿಂತ ಕಡಿಮೆ. ದಡಕ್ಕೆ ಇಳಿಯುವ ಮುನ್ನ ೧೬೨೦ರ ನವೆಂಬರ್ ತಿಂಗಳಲ್ಲಿ ೪೧ ಮಂದಿ ಗಂಡಸರು ಕೂಡಿ, ತಾವು ಒಂದೇ ಸಮಾಜವಾಗಿ ಬಾಳುವೆವೆಂದೂ ತಾವೇ ಮಾಡಿಕೊಂಡ ನ್ಯಾಯವಾದ ಕಟ್ಟಳೆಗಳಿಗೆ ತಲೆಬಾಗುವೆವೆಂದೂ ಕರಾರುಪತ್ರಕ್ಕೆ ಸಹಿ ಹಾಕಿದರು. ಧರ್ಮಸಭೆಯ ಒಡಂಬಡಿಕೆಯು ಹೀಗೆ ಊರಿನ ಆಡಳಿತಕ್ಕೂ ಮಾದರಿಯಾಯಿತು. ಪ್ಲಿಮತ್ತಿನ ಮೊದಲ ಚಳಿಗಾಲದಲ್ಲಿಯೇ ಅವರಲ್ಲಿ ಸುಮಾರು ಅರ್ಧದಷ್ಟು ಜನರು ಸತ್ತರು.

ಗುಡ್ಡದ ಮೇಲಿನ ಪಟ್ಟಣ

ಹತ್ತು ವರ್ಷಗಳ ತರುವಾಯ ಬಂದ ಮ್ಯಾಸಚೂಸೆಟ್ಸ್ ಕೊಲ್ಲಿಯ ಪ್ಯೂರಿಟನರು ಸಂಖ್ಯೆಯಲ್ಲಿಯೂ ಸಿರಿಯಲ್ಲಿಯೂ ವಿದ್ಯೆಯಲ್ಲಿಯೂ ಇವರಿಗಿಂತ ಬಲವಾಗಿದ್ದರು. ಅವರ ನಾಯಕನಾದ ಜಾನ್ ವಿನ್‌ಥ್ರಪ್‌ನು ಸಫೋಕ್ ಸೀಮೆಯ ಜಮೀನುದಾರ, ವಕೀಲ. ಅರಸನು ೧೬೨೯ರಲ್ಲಿ ಕೊಟ್ಟ ಸನ್ನದು ವ್ಯಾಪಾರದ ಕಂಪನಿಯೊಂದಕ್ಕೆ ಸಂದುದಾಗಿದ್ದಿತು. ಇವರು ಆ ಸನ್ನದನ್ನೂ ಕಂಪನಿಯ ಆಡಳಿತವನ್ನೂ ತಮ್ಮೊಡನೆಯೇ ಕಡಲಾಚೆಗೆ ಒಯ್ದುದರಿಂದ ಒಂದು ಕಂಪನಿಯೇ ಕ್ರಮೇಣ ಒಂದು ಸರಕಾರವಾಯಿತು.

ಇವರ ಧ್ಯೇಯವನ್ನು ವಿನ್‌ಥ್ರಪ್‌ನು ಆ ಪ್ರಯಾಣದ ಕಾಲದ ಪ್ರವಚನದಲ್ಲಿ ವಿವರಿಸಿದನು. ಮತ್ತಾಯನ ಸುವಾರ್ತೆಯಲ್ಲಿ ಬರುವ ಗುಡ್ಡದ ಮೇಲಿನ ಪಟ್ಟಣದ ಉಪಮೆಯನ್ನು ಅವನು ಅಲ್ಲಿ ಬಳಸಿಕೊಂಡನು. ತಮ್ಮ ಸಮಾಜವು ಎಲ್ಲರ ಕಣ್ಣಿಗೂ ಬೀಳುವಂಥದು. ಅದು ಮಾತಿನಂತೆ ನಡೆದರೆ ಇತರರಿಗೆ ಮಾದರಿಯಾದೀತು, ತಪ್ಪಿ ನಡೆದರೆ ಲೋಕದ ನಿಂದೆಗೂ ದೇವರ ಕೋಪಕ್ಕೂ ಗುರಿಯಾದೀತು ಎಂಬುದು ಅವನ ಭಾವ. ತರುವಾಯದ ಕಾಲದಲ್ಲಿ ಈ ಉಪಮೆಯನ್ನು ಅಮೆರಿಕದ ಹಿರಿಮೆಯನ್ನು ಹೊಗಳಲು ಬಳಸಿದವರು ಬಹಳ. ಮೂಲದಲ್ಲಿ ಅದು ಹೊಗಳಿಕೆಯಲ್ಲ, ಎಚ್ಚರಿಕೆ. ಉಳ್ಳವನು ಇಲ್ಲದವನ ಕಷ್ಟವನ್ನು ಹೊರಬೇಕು, ಎಲ್ಲರೂ ಒಂದೇ ದೇಹದ ಅಂಗಗಳಂತೆ ಬಾಳಬೇಕು ಎಂಬುದು ಆ ಪ್ರವಚನದ ತಿರುಳು.

ಇದಕ್ಕೆ ತಕ್ಕಂತೆ ಅವರು ಊರುಗಳನ್ನು ಕಟ್ಟಿದರು. ಭೂಮಿಯನ್ನು ಒಬ್ಬೊಬ್ಬರಿಗೆ ದೂರದೂರವಾಗಿ ಕೊಡದೆ ಊರಿನ ಸಮೂಹಕ್ಕೆ ಕೊಟ್ಟು, ಅಲ್ಲಿಂದ ಮನೆಗಳಿಗೆ ಹಂಚಿದರು. ಧರ್ಮಬೋಧಕರು ಸರಕಾರದ ಅಧಿಕಾರವನ್ನು ವಹಿಸುತ್ತಿರಲಿಲ್ಲ. ಆದರೂ ಧರ್ಮವೂ ರಾಜ್ಯವೂ ಬೇರೆಬೇರೆಯೆಂದು ಹೇಳುವಂತಿರಲಿಲ್ಲ. ೧೬೩೧ರ ಕಟ್ಟಳೆಯಂತೆ ಧರ್ಮಸಭೆಯ ಸದಸ್ಯರಾದ ಗಂಡಸರಿಗೆ ಮಾತ್ರ ವಸಾಹತಿನ ಮತಾಧಿಕಾರವಿದ್ದಿತು. ಸದಸ್ಯತ್ವವೂ ಸುಲಭವಾಗಿರಲಿಲ್ಲ. ದೇವರ ಕೃಪೆಯು ತನ್ನ ಆತ್ಮದಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ಅರ್ಜಿದಾರನು ಸಭೆಗೆ ಒಪ್ಪಿಗೆಯಾಗುವಂತೆ ನಿರೂಪಿಸಬೇಕಾಗಿದ್ದಿತು. ಸದಸ್ಯರಲ್ಲದವರೂ ಪ್ರವಚನಕ್ಕೆ ಬರಲೇಬೇಕು, ಬೋಧಕನ ಪೋಷಣೆಗೆ ತೆರಬೇಕು.

ಓದು, ಶಾಲೆ, ಮುದ್ರಣಾಲಯ

ಪ್ರತಿಯೊಬ್ಬನೂ ದೇವರ ವಾಕ್ಯವನ್ನು ತಾನೇ ಓದಿ ತಿಳಿಯಬೇಕಾದ ಮತದಲ್ಲಿ ಓದುಬರಹವು ಭೂಷಣವಲ್ಲ, ಅಗತ್ಯ. ೧೬೩೫ರಲ್ಲಿ ಬೋಸ್ಟನ್ನಿನಲ್ಲಿ ಲ್ಯಾಟಿನ್ ಶಾಲೆಯು ಆರಂಭವಾಯಿತು. ೧೬೩೬ರಲ್ಲಿ, ಅಂದರೆ ಕಾಡು ಕಡಿದು ಮನೆ ಕಟ್ಟಿಕೊಂಡು ಇನ್ನೂ ಆರೇ ವರ್ಷಗಳಾಗಿದ್ದಾಗ, ವಸಾಹತಿನ ಮಹಾಸಭೆಯು ಒಂದು ಕಾಲೇಜಿಗಾಗಿ ನಾನೂರು ಪೌಂಡುಗಳನ್ನು ಮಂಜೂರು ಮಾಡಿತು. ೧೬೩೮ರಲ್ಲಿ ಸತ್ತ ಜಾನ್ ಹಾರ್ವರ್ಡ್ ಎಂಬ ಯುವಕ ಬೋಧಕನು ತನ್ನ ಆಸ್ತಿಯಲ್ಲಿ ಅರ್ಧವನ್ನೂ ಸುಮಾರು ನಾನೂರು ಪುಸ್ತಕಗಳನ್ನೂ ಅದಕ್ಕೆ ಬಿಟ್ಟುಹೋದುದರಿಂದ ಆ ಕಾಲೇಜಿಗೆ ಅವನ ಹೆಸರೇ ಬಂದಿತು. ಅಲ್ಲಿಯೇ ಕೇಂಬ್ರಿಜ್ ಊರಿನಲ್ಲಿ ಒಂದು ಮುದ್ರಣಯಂತ್ರವನ್ನು ಸ್ಥಾಪಿಸಿದರು. ಕೀರ್ತನೆಗಳನ್ನು ಹೀಬ್ರೂ ಭಾಷೆಯಿಂದ ಇಂಗ್ಲಿಷ್ ಪದ್ಯಕ್ಕೆ ತಿರುಗಿಸಿದ ಪುಸ್ತಕವು ೧೬೪೦ರಲ್ಲಿ ಅಲ್ಲಿ ಅಚ್ಚಾಯಿತು. ಇಂಗ್ಲಿಷರ ಅಮೆರಿಕದಲ್ಲಿ ಮುದ್ರಿತವಾದ ಮೊತ್ತಮೊದಲ ಪುಸ್ತಕವು ಅದೇ.

೧೬೪೨ರ ಶಾಸನವು, ತಂದೆತಾಯಿಗಳೂ ಯಜಮಾನರೂ ತಮ್ಮ ವಶದಲ್ಲಿರುವ ಮಕ್ಕಳಿಗೆ ಓದು ಬರುವಂತೆಯೂ ಧರ್ಮದ ತತ್ತ್ವಗಳೂ ನಾಡಿನ ಮುಖ್ಯ ಕಾನೂನುಗಳೂ ತಿಳಿಯುವಂತೆಯೂ ನೋಡಿಕೊಳ್ಳತಕ್ಕದ್ದೆಂದು ವಿಧಿಸಿತು. ೧೬೪೭ರ ಶಾಸನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಮಕ್ಕಳಿಗೆ ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ಇಡತಕ್ಕದ್ದು. ನೂರು ಮನೆಗಳಾದರೆ ಕಾಲೇಜಿಗೆ ಸಿದ್ಧಗೊಳಿಸುವ ವ್ಯಾಕರಣಶಾಲೆಯನ್ನು ತೆರೆಯತಕ್ಕದ್ದು. ತಪ್ಪಿದ ಊರಿಗೆ ಐದು ಪೌಂಡು ದಂಡ. ಆ ಶಾಸನದ ಪೀಠಿಕೆಯಲ್ಲಿ ಹೇಳಿದ ಕಾರಣವು ಗಮನಾರ್ಹವಾಗಿದೆ. ಜನರನ್ನು ಧರ್ಮಗ್ರಂಥದ ಅರಿವಿನಿಂದ ದೂರವಿಡುವುದೇ ಸೈತಾನನ ಹಂಚಿಕೆ. ಹಿಂದಿನ ಕಾಲದಲ್ಲಿ ಅವನು ಅದನ್ನು ತಿಳಿಯದ ಭಾಷೆಯಲ್ಲಿ ಬಚ್ಚಿಟ್ಟು ಈ ಕೆಲಸವನ್ನು ಸಾಧಿಸಿದನು ಎಂಬುದು ಅದರ ಸಾರ. ಪಿತೃಗಳ ವಿದ್ಯೆಯು ಅವರ ಗೋರಿಯಲ್ಲಿಯೇ ಹೂತುಹೋಗಬಾರದೆಂಬ ಕಳವಳವನ್ನೂ ಅದು ತೋಡಿಕೊಂಡಿದೆ. ಶಾಲೆಯ ಖರ್ಚನ್ನು ಊರೇ ಹೊರಬೇಕೆಂಬ ನಿಯಮವು ಎಲ್ಲ ಕಡೆಯೂ ತಪ್ಪದೆ ನಡೆಯಿತೆಂದಲ್ಲ. ಕೆಲವು ಊರುಗಳು ದಂಡ ತೆತ್ತು ಸುಮ್ಮನಾದುದೂ ಉಂಟು. ಆದರೂ ಮಕ್ಕಳ ಓದು ಊರಿನ ಹೊಣೆಯೆಂಬ ಭಾವನೆಯು ಆ ನೆಲದಲ್ಲಿ ಬೇರೂರಿತು.

ಒಪ್ಪದವರ ಪಾಡು

ಇಷ್ಟು ಹೇಳಿದ ಮೇಲೆ ಕತ್ತಲೆಯ ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಪ್ಯೂರಿಟನರು ಬಯಸಿದ ಸ್ವಾತಂತ್ರ್ಯವು ತಮ್ಮ ಮತವನ್ನು ತಾವು ಆಚರಿಸುವ ಸ್ವಾತಂತ್ರ್ಯ. ಎಲ್ಲರಿಗೂ ಎಲ್ಲ ಮತಕ್ಕೂ ಸಲ್ಲುವ ಸ್ವಾತಂತ್ರ್ಯವಲ್ಲ. ೧೬೪೫ರಲ್ಲಿ ಮಾಡಿದ ಒಂದು ಭಾಷಣದಲ್ಲಿ ವಿನ್‌ಥ್ರಪ್‌ನು ಸ್ವಾತಂತ್ರ್ಯವನ್ನು ಎರಡಾಗಿ ವಿಂಗಡಿಸಿದನು. ಮನಬಂದಂತೆ ನಡೆಯುವುದು ಮೃಗಗಳಿಗೂ ಸಾಧಾರಣವಾದ ಸ್ವಾತಂತ್ರ್ಯ. ಒಳ್ಳೆಯದನ್ನೂ ನ್ಯಾಯವಾದುದನ್ನೂ ಮಾಡುವುದು ಅಧಿಕಾರಕ್ಕೆ ಒಳಪಟ್ಟ ನಿಜವಾದ ಸ್ವಾತಂತ್ರ್ಯ. ಆದರೆ ಒಳ್ಳೆಯದು ಯಾವುದೆಂದು ನಿರ್ಣಯಿಸುವವರು ಯಾರು? ಅಲ್ಲಿಯೇ ತೊಡಕು.

ರಾಜರ್ ವಿಲಿಯಮ್ಸ್ ಎಂಬ ಬೋಧಕನು ೧೬೩೧ರಲ್ಲಿ ಬಂದನು. ಮನಸ್ಸಾಕ್ಷಿಯ ಮೇಲೆ ಸರಕಾರಕ್ಕೆ ಅಧಿಕಾರವಿಲ್ಲವೆಂದೂ ಮೂಲನಿವಾಸಿಗಳ ಭೂಮಿಯನ್ನು ದಾನಮಾಡಲು ಇಂಗ್ಲೆಂಡಿನ ಅರಸನಿಗೆ ಹಕ್ಕಿಲ್ಲವೆಂದೂ ಅವನು ಸಾರಿದನು. ೧೬೩೫ರಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆಯಾಯಿತು. ಹಿಮ ಬೀಳುವ ಕಾಲದಲ್ಲಿ ಹೊರಟುಹೋಗಿ, ನಾರಗಾನ್ಸೆಟ್ ಜನರಿಂದ ನೆಲವನ್ನು ಪಡೆದು ೧೬೩೬ರಲ್ಲಿ ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿ, ಅಲ್ಲಿ ಎಲ್ಲ ಮತದವರಿಗೂ ಎಡೆ ಕೊಟ್ಟನು. ಅವನೇನೂ ಧರ್ಮವಿಮುಖನಲ್ಲ, ಬಲಾತ್ಕಾರದ ಪೂಜೆಯು ದೇವರಿಗೆ ಮಾಡುವ ಅವಮಾನವೆಂದು ನಂಬಿದ ಪ್ಯೂರಿಟನನೇ ಅವನು.

ಆನ್ ಹಚಿನ್‌ಸನ್ ಎಂಬ ಗೃಹಿಣಿಯು ಬೋಸ್ಟನ್ನಿನ ತನ್ನ ಮನೆಯಲ್ಲಿ ನೆರೆಹೊರೆಯವರನ್ನು ಕೂಡಿಸಿ ಪ್ರವಚನಗಳ ಮೇಲೆ ಚರ್ಚೆ ನಡೆಸುತ್ತಿದ್ದಳು. ಬೋಧಕರಲ್ಲಿ ಹೆಚ್ಚಿನವರು ಕೃಪೆಯನ್ನು ಬಿಟ್ಟು ಕರ್ಮವನ್ನೇ ಬೋಧಿಸುತ್ತಿದ್ದಾರೆಂದು ಅವಳು ಆಕ್ಷೇಪಿಸಿದಳು. ೧೬೩೭ರ ವಿಚಾರಣೆಯಲ್ಲಿ, ದೇವರು ತನಗೆ ನೇರವಾಗಿ ತಿಳಿಸಿದ್ದಾನೆಂದು ಅವಳು ಹೇಳಿದ ಮಾತೇ ಅವಳಿಗೆ ಮುಳುವಾಯಿತು, ಅವಳೂ ಗಡೀಪಾರಾದಳು. ಕ್ವೇಕರ್ ಪಂಥದವರಿಗೆ ಇದಕ್ಕಿಂತಲೂ ಘೋರವಾದ ಶಿಕ್ಷೆ ಒದಗಿತು. ೧೬೫೯ರಿಂದ ೧೬೬೧ರ ವರೆಗೆ ನಾಲ್ವರನ್ನು ಬೋಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಮೇರಿ ಡೈಯರ್ ಎಂಬ ಹೆಂಗಸು ಅವರಲ್ಲಿ ಒಬ್ಬಳು. ಹಿಂಸೆಯಿಂದ ಪಾರಾಗಲು ಕಡಲು ದಾಟಿ ಬಂದವರೇ ಹೀಗೆ ಹಿಂಸಕರಾದರು.

ಮೂಲನಿವಾಸಿಗಳ ವಿಷಯದಲ್ಲಿಯೂ ಧ್ಯೇಯಕ್ಕೂ ನಡತೆಗೂ ಬಹಳ ಅಂತರವಿದ್ದಿತು. ನಮಗೆ ನೆರವಾಗಲು ಬನ್ನಿರೆಂದು ಕೇಳಿಕೊಳ್ಳುವ ಮೂಲನಿವಾಸಿಯೊಬ್ಬನ ಚಿತ್ರವು ವಸಾಹತಿನ ಮುದ್ರೆಯಲ್ಲಿದ್ದಿತು. ನಡೆದುದೇ ಬೇರೆ. ೧೬೩೭ರಲ್ಲಿ ಪೀಕ್ವಾಟ್ ಜನರ ಮಿಸ್ಟಿಕ್ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದರು. ಸೆರೆಸಿಕ್ಕವರಲ್ಲಿ ಕೆಲವರನ್ನು ಗುಲಾಮರನ್ನಾಗಿ ಮಾರಿದರು. ಇದರ ನಡುವೆ ಜಾನ್ ಎಲಿಯಟ್ ಎಂಬ ಬೋಧಕನು ಮೂಲನಿವಾಸಿಗಳ ಭಾಷೆಯನ್ನು ವರ್ಷಗಟ್ಟಲೆ ಕಲಿತು, ಅವರದೇ ಜನರ ಸಹಾಯದಿಂದ ಇಡೀ ಬೈಬಲ್ಲನ್ನು ಆ ಭಾಷೆಗೆ ತಿರುಗಿಸಿ ೧೬೬೩ರಲ್ಲಿ ಅಚ್ಚು ಮಾಡಿಸಿದನು. ಅಮೆರಿಕದಲ್ಲಿ ಮುದ್ರಿತವಾದ ಮೊದಲ ಪೂರ್ಣ ಬೈಬಲ್ಲು ಇಂಗ್ಲಿಷಿನದಲ್ಲ, ಇದು. ಆದರೆ ೧೬೭೫ರಲ್ಲಿ ಮೆಟಕಾಮ್ ಎಂಬ ನಾಯಕನೊಡನೆ ಯುದ್ಧವು ಹತ್ತಿಕೊಂಡಾಗ, ಕ್ರೈಸ್ತರಾಗಿದ್ದ ಮೂಲನಿವಾಸಿಗಳನ್ನೂ ನಂಬದೆ ಡೀರ್ ದ್ವೀಪದಲ್ಲಿ ಕೂಡಿಹಾಕಿದರು. ಹಸಿವಿಗೂ ಚಳಿಗೂ ಸಿಕ್ಕಿ ಅವರಲ್ಲಿ ಅನೇಕರು ಸತ್ತರು. ಆ ಭಾಷೆಯನ್ನಾಡುವವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲವಾದರು. ಆದರೂ ೧೯೯೩ರಲ್ಲಿ ವಾಂಪನೋಗ್ ಜನರು ತಮ್ಮ ನುಡಿಯನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈಹಾಕಿದಾಗ ಎಲಿಯಟ್ಟನ ಆ ಗ್ರಂಥವೇ ಅವರಿಗೆ ಒಂದು ಮುಖ್ಯ ಆಧಾರವಾಯಿತು.

ಮಕ್ಕಳ ಪ್ರಶ್ನೆ

ಹೊರಗಿನ ಶತ್ರುವಿಗಿಂತಲೂ ಒಳಗಿನ ಒಂದು ಪ್ರಶ್ನೆಯು ಪ್ಯೂರಿಟನರನ್ನು ಹೆಚ್ಚಾಗಿ ಕಾಡಿತು. ಮೊದಲ ತಲೆಮಾರಿನವರು ಹಿಂಸೆಯನ್ನು ಕಂಡವರು, ಕಡಲನ್ನು ದಾಟಿದವರು. ತಮ್ಮ ಹೃದಯದಲ್ಲಿ ಆದ ಪರಿವರ್ತನೆಯನ್ನು ಅವರು ಸಭೆಯ ಮುಂದೆ ಹೇಳಬಲ್ಲವರಾಗಿದ್ದರು. ಅವರ ಮಕ್ಕಳು ಶಿಶುಗಳಾಗಿದ್ದಾಗಲೇ ದೀಕ್ಷಾಸ್ನಾನ ಪಡೆದು, ಸಭಾಗೃಹದಲ್ಲಿಯೇ ಬೆಳೆದು, ಒಳ್ಳೆಯ ನಡತೆಯವರಾಗಿದ್ದರು. ಆದರೆ ಹೇಳಿಕೊಳ್ಳಲು ಅಂಥ ಅನುಭವವು ಅವರಲ್ಲಿ ಅನೇಕರಿಗೆ ಇರಲಿಲ್ಲ. ಇಲ್ಲದುದನ್ನು ಇದೆಯೆಂದು ಹೇಳುವಷ್ಟು ಕಪಟಿಗಳೂ ಅವರಲ್ಲ. ಆದುದರಿಂದ ಅವರು ಪೂರ್ಣ ಸದಸ್ಯರಾಗಲಿಲ್ಲ. ಅವರಿಗೆ ಮಕ್ಕಳಾದಾಗ ತೊಡಕು ಎದ್ದಿತು: ಪೂರ್ಣ ಸದಸ್ಯರಲ್ಲದವರ ಮಕ್ಕಳಿಗೆ ದೀಕ್ಷೆ ಕೊಡಬಹುದೆ? ಕೊಡದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಸಭೆಯೇ ಬರಿದಾಗುತ್ತದೆ. ಕೊಟ್ಟರೆ ಸಭೆಯ ಶುದ್ಧಿಯು ಕೆಡುತ್ತದೆ.

೧೬೬೨ರಲ್ಲಿ ಬೋಸ್ಟನ್ನಿನಲ್ಲಿ ನೆರೆದ ಬೋಧಕರ ಮಹಾಸಭೆಯು ಒಂದು ನಡುದಾರಿಯನ್ನು ತೋರಿಸಿತು. ಸಿದ್ಧಾಂತವನ್ನು ಒಪ್ಪಿ ಸಭ್ಯರಾಗಿ ಬಾಳುವವರ ಮಕ್ಕಳಿಗೆ ದೀಕ್ಷೆಯನ್ನು ಕೊಡಬಹುದು. ಆದರೆ ಪ್ರಭುಭೋಜನವೂ ಸಭೆಯ ಮತಾಧಿಕಾರವೂ ಆ ತಂದೆತಾಯಿಗಳಿಗೆ ಸಲ್ಲವು. ಇದಕ್ಕೆ ತರುವಾಯ ಅರೆ ಒಡಂಬಡಿಕೆ ಎಂಬ ಹೆಸರು ಬಂದಿತು. ಈ ವಿಷಯದಲ್ಲಿ ಸಭೆಗಳು ಒಡೆದವು, ಮನೆಗಳೂ ಒಡೆದವು. ಮೊದಲ ತಲೆಮಾರಿನ ವಯೋವೃದ್ಧ ಬೋಧಕನಾದ ರಿಚರ್ಡ್ ಮೇದರನು ಈ ಸಡಿಲಿಕೆಯನ್ನು ಬೆಂಬಲಿಸಿದನು. ಹೊಸ ನಾಡಿನಲ್ಲಿಯೇ ಹುಟ್ಟಿದ ಅವನ ಮಗ ಇನ್‌ಕ್ರೀಸ್ ಮೇದರನು ಅದನ್ನು ಕಟುವಾಗಿ ವಿರೋಧಿಸಿ, ಬಹುಕಾಲದ ಮೇಲೆ ತನ್ನ ಮನಸ್ಸನ್ನು ಬದಲಿಸಿಕೊಂಡನು. ಹಿರಿಯನಿಗೆ ಮೊಮ್ಮಕ್ಕಳ ಚಿಂತೆ, ಕಿರಿಯನಿಗೆ ಹಿರಿಯರ ಹೆಸರಿನ ಚಿಂತೆ! ಎರಡೂ ಪ್ರೀತಿಯಿಂದಲೇ ಹುಟ್ಟಿದ ಚಿಂತೆಗಳೆಂಬುದನ್ನು ನಾವು ಮರೆಯಬಾರದು.

ಮುಂದಿನ ಮೂವತ್ತು ವರ್ಷಗಳಲ್ಲಿ ಹಳೆಯ ಏರ್ಪಾಟು ಒಂದೊಂದಾಗಿ ಕಳಚಿಬಿದ್ದಿತು. ೧೬೮೪ರಲ್ಲಿ ಸನ್ನದು ರದ್ದಾಯಿತು. ೧೬೯೧ರ ಹೊಸ ಸನ್ನದು ಮತಾಧಿಕಾರವನ್ನು ಸಭಾಸದಸ್ಯತ್ವದಿಂದ ಬಿಡಿಸಿ ಆಸ್ತಿಗೆ ಗಂಟುಹಾಕಿತು. ಮರುವರ್ಷವೇ ಸೇಲಮ್ ಊರಿನ ಕಡೆ ಮಾಟಗಾತಿಯರ ಭೀತಿಯು ಹಬ್ಬಿ, ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಒಬ್ಬ ವೃದ್ಧನನ್ನು ಕಲ್ಲುಗಳನ್ನು ಹೇರಿ ಕೊಂದರು. ಆದರೆ ಆ ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮ್ಯುಯಲ್ ಸ್ಯೂಅಲ್‌ನು ೧೬೯೭ರ ಉಪವಾಸದ ದಿನದಂದು ಬೋಸ್ಟನ್ನಿನ ಸಭೆಯ ನಡುವೆ ಎದ್ದುನಿಂತು, ತನ್ನ ತಪ್ಪೊಪ್ಪಿಗೆಯನ್ನು ಬೋಧಕನಿಂದ ಓದಿಸಿ, ತಲೆಬಾಗಿದನು. ತನ್ನನ್ನು ತಾನೇ ವಿಚಾರಣೆಗೆ ಗುರಿಮಾಡಿಕೊಳ್ಳುವ ಪ್ಯೂರಿಟನರ ಹಳೆಯ ಅಭ್ಯಾಸವು ಅಂದು ತನ್ನ ಅತ್ಯುತ್ತಮ ರೂಪದಲ್ಲಿ ಕಾಣಿಸಿಕೊಂಡಿತೆಂದು ಹೇಳಬಹುದು.

ಉಳಿದುದೇನು?

ಪ್ಯೂರಿಟನರು ಬಲಾತ್ಕಾರದಿಂದ ಉಳಿಸಿಕೊಳ್ಳಲು ಹೆಣಗಿದುದೆಲ್ಲವೂ ಹೋಯಿತು. ಗಡೀಪಾರಿನ ಕಟ್ಟಳೆಗಳು ಹೋದುವು. ಭಿನ್ನಮತದವರಿಗೆ ಹಾಕುತ್ತಿದ್ದ ದಂಡಗಳು ಹೋದುವು. ೧೭೯೧ರಲ್ಲಿ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯು ಒಕ್ಕೂಟದ ಸರಕಾರಕ್ಕೆ ಯಾವ ಮತವನ್ನೂ ಸ್ಥಾಪಿಸುವ ಅಧಿಕಾರವಿಲ್ಲವೆಂದಿತು. ಮ್ಯಾಸಚೂಸೆಟ್ಸಿನಲ್ಲಿ ಧರ್ಮಸಭೆಗಳಿಗೆ ತೆರಿಗೆಯ ಬೆಂಬಲವು ನಿಂತುಹೋದುದು ೧೮೩೩ರಲ್ಲಿ. ಊರಲ್ಲಿ ಕೂಡಿ ಕಟ್ಟಿದುವು ಮಾತ್ರ ಉಳಿದುವು: ಊರಿನವರು ನೆರೆದು ತಮ್ಮ ಕೆಲಸವನ್ನು ತಾವೇ ನಿರ್ಣಯಿಸುವ ಸಭೆ, ಊರಿನ ಖರ್ಚಿನಲ್ಲಿ ನಡೆಯುವ ಶಾಲೆ, ಕಾಲೇಜು, ಮನೆಮನೆಯ ಪುಸ್ತಕ.

ಈ ಪರಂಪರೆಯ ಒಂದು ಎಳೆಯು ನಮ್ಮ ಕಡೆಗೂ ಬಂದಿದೆ. ಬಿಷಪ್ಪರಿಲ್ಲದೆ ಸಭೆಯೇ ತನ್ನನ್ನು ಆಳಿಕೊಳ್ಳುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಉಳಿಸಿಕೊಂಡು ಬಂದ ಸ್ವತಂತ್ರ ಸಭೆಗಳವರು, ೧೭೯೫ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನ್ ಸಂಘಕ್ಕೆ ಮುಖ್ಯ ಆಧಾರವಾಗಿದ್ದರು. ಆ ಸಂಘದ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಬೈಬಲ್ಲಿನ ಅನುವಾದಕ್ಕೆ ತೊಡಗಿದನು. ಅವನ ಜೊತೆಗಾರನಾದ ವಿಲಿಯಂ ರೀವನ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಹೊರಬಂದಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ೧೯೫೩ರಲ್ಲಿ ಬೇರೆಯಾದುವು. ಹ್ಯಾಂಡ್ಸನ ಕಾಲದಲ್ಲಿ ಇವೆಲ್ಲ ಬಳ್ಳಾರಿಯ ಕಡೆಯ ಒಂದೇ ಸೀಮೆ. ಅವರ ಉದ್ದೇಶವು ಮತಪ್ರಚಾರವೇ ಹೊರತು ಕನ್ನಡದ ಸೇವೆಯಲ್ಲ. ಆದರೆ ಜನರಿಗೆ ಅವರವರ ನುಡಿಯಲ್ಲಿಯೇ ಓದಲು ಕೊಡಬೇಕೆಂಬ ಆ ಹಳೆಯ ತತ್ತ್ವದ ಫಲದಲ್ಲಿ ಕನ್ನಡಕ್ಕೂ ಒಂದು ಪಾಲು ದೊರೆಯಿತು.

ಪ್ಯೂರಿಟನರ ಚರಿತ್ರೆಯಿಂದ ಕಲಿಯಬೇಕಾದುದು ಇಷ್ಟು. ಹಿರಿಯರ ಶ್ರದ್ಧೆಯು ಹೊಲಮನೆಗಳಂತೆ ವಾರಸುದಾರಿಕೆಯಿಂದ ಬರುವ ವಸ್ತುವಲ್ಲ. ತಂದೆಯ ಅನುಭವವನ್ನು ಮಗನಿಂದ ಹೇಳಿಸಲು ಹೊರಟವರು ಅರೆ ಒಡಂಬಡಿಕೆಗೆ ಬಂದು ನಿಂತರು. ಮಗನು ತಾನೇ ಓದಿ, ತಾನೇ ಒಪ್ಪಿ, ಬೇಕಾದಲ್ಲಿ ಪ್ರಶ್ನಿಸಿ, ತನ್ನದಾಗಿ ಮಾಡಿಕೊಳ್ಳುವಂತೆ ಒಂದು ಶಾಲೆಯನ್ನೂ ನಾಲ್ಕು ಪುಸ್ತಕಗಳನ್ನೂ ಎಲ್ಲರೂ ಕೂಡುವ ಒಂದು ಚಾವಡಿಯನ್ನೂ ಬಿಟ್ಟುಹೋಗುವುದು ಹಿರಿಯರ ಕೈಯಲ್ಲಿರುವ ಕೆಲಸ. ಅವರು ಅದನ್ನು ಮಾಡಿದಲ್ಲಿ ಅವರ ಹೆಸರು ಉಳಿದಿದೆ. ಅದನ್ನು ಬಿಟ್ಟು ದಂಡವನ್ನು ಹಿಡಿದಲ್ಲಿ ಅಪಕೀರ್ತಿಯು ಉಳಿದಿದೆ. ಐವತ್ತು ಮನೆಗಳಿಗೊಬ್ಬ ಉಪಾಧ್ಯಾಯನೆಂಬ ಅವರ ಕಟ್ಟಳೆಯನ್ನು, ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮ್ಮ ಮನೆಗಳವರು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ.